ತಾನಾ ನದಿಯ ಬಯಲಿನ ಹರಾಂಬೆ

ಪೂರ್ವ ಆಫ್ರಿಕದ ಕೀನ್ಯಾ ದೇಶದ ನದಿಗಳಲ್ಲೆಲ್ಲ ಉದ್ದವಾದುದು ತಾನಾ. ಎತ್ತರದ ಮಲೆಗಳಲ್ಲಿ ಹುಟ್ಟಿ, ಒಣಬಯಲುಗಳನ್ನು ಹಾದು, ಹಿಂದೂ ಮಹಾಸಾಗರವನ್ನು ಸೇರುವುದು. ಅದರ ಬಯಲಿನಲ್ಲಿ ಒರ್ಮಾ ಎಂಬ ಗೋಪಾಲಕ ಜನರಿರುವರು. ದನವೇ ಅವರ ಧನ; ಮಳೆ ತಪ್ಪಿದರೆ ಹುಲ್ಲು ನೀರುಗಳನ್ನರಸುತ್ತ ಮಂದೆಯೊಡನೆ ಅಲೆಯಬೇಕು.

ಅಮೆರಿಕದ ಮಾನವಶಾಸ್ತ್ರಜ್ಞೆ ಜೀನ್ ಎನ್ಸ್‌ಮಿಂಗರ್ ಎಂಬವರು ಇವರಿಂದ ಒಂದು ಆಟವನ್ನಾಡಿಸಿದರು. ಅದರ ಫಲವು 2001ರಲ್ಲಿ ಪ್ರಕಟವಾಯಿತು. ಆಟಗಾರರಿಗೆ ಹಣವನ್ನು ಕೊಡುವರು. ಪ್ರತಿಯೊಬ್ಬನೂ ತನಗೆ ತೋರಿದಷ್ಟನ್ನು ಸಾಮಾನ್ಯ ನಿಧಿಗೆ ಹಾಕಬಹುದು. ಆ ನಿಧಿಯನ್ನು ಹೆಚ್ಚಿಸಿ ಎಲ್ಲರಿಗೂ ಸಮನಾಗಿ ಹಂಚುವರು. ಕಾಸು ಬಿಚ್ಚದವನಿಗೂ ಪಾಲು ತಪ್ಪದು! ಹಾಗಾದರೆ ಕೊಡುವವರಾರು?

ಒರ್ಮಾ ಜನರು ಕೊಟ್ಟರು. ಆಟದ ರೀತಿಯನ್ನು ಕೇಳಿದೊಡನೆಯೇ ಅದನ್ನು ‘ಹರಾಂಬೆ ಆಟ’ವೆಂದು ತಾವಾಗಿಯೇ ಕರೆದರು. ಎಲ್ಲರೂ ಕೂಡಿ ಎಳೆಯೋಣವೆಂಬುದು ಆ ಸ್ವಾಹಿಲಿ ಮಾತಿನ ಭಾವ. ಕೀನ್ಯಾದ ರಾಜ್ಯಲಾಂಛನದಲ್ಲಿಯೂ ಅದೇ ಮಾತಿದೆ. ಶಾಲೆಗಾಗಿ, ರಸ್ತೆಗಾಗಿ ಊರವರು ವಂತಿಗೆಯೆತ್ತುವುದೇ ಹರಾಂಬೆ. ಅದರಲ್ಲಿ ಉಳ್ಳವರು ಹೆಚ್ಚು ಕೊಡುವುದು ವಾಡಿಕೆ. ಆಟದಲ್ಲಿಯೂ ಹಾಗೆಯೇ ಆಯಿತು. ಸರಾಸರಿ ನೂರಕ್ಕೆ 58ರಷ್ಟು ಹಣ ನಿಧಿಗೆ ಬಿದ್ದಿತು.

ಅದೇ ಜನರು ಮತ್ತೊಂದು ಆಟದಲ್ಲಿ ಇಬ್ಬರ ನಡುವೆ ಹಣವನ್ನು ಪಾಲುಮಾಡಬೇಕಾಯಿತು. ಅದು ಅವರ ಬಾಳಿನ ಯಾವ ಪದ್ಧತಿಯನ್ನೂ ಹೋಲಲಿಲ್ಲ. ಅಲ್ಲಿ ಉಳ್ಳವರಿಗೂ ಇಲ್ಲದವರಿಗೂ ಭೇದವೇ ತೋರಲಿಲ್ಲ.

ನೋಡಿರಿ, ಪರಿಚಿತವಾದ ಹೆಸರೊಂದು ದೊರೆತುದರಿಂದ ಅದರೊಡನಿದ್ದ ಕರ್ತವ್ಯವೂ ನೆನಪಿಗೆ ಬಂದಿತು. ಊರ ಕೆಲಸಕ್ಕೆ ಜನರನ್ನು ಕರೆಯುವವರು, ಅವರೆದೆಗೆ ಪರಿಚಿತವಾದ ಹೆಸರಿನಿಂದಲೇ ಕರೆಯುವುದು ಲೇಸು.