ತಳ ತಿರುಗಿಸಿ ನೋಡಿ

ನಾನ್‌ಸ್ಟಿಕ್ ತವಾ ಮನೆಗೆ ಬಂದಾಗ ಎಲ್ಲರೂ ನೋಡುವುದು ಅದರ ಮುಖವನ್ನು. ತಳ ನೋಡುವುದು ದೋಸೆ ಅಂಟಲು ಶುರುವಾದ ಮೇಲೆ. "ಇದು ಯಾವ ಕಂಪನೀದು? ವಾರಂಟಿ ಇತ್ತಲ್ವಾ?" ಎಂದು ಕೇಳುವ ಹೊತ್ತಿಗೆ ಡಬ್ಬ ರದ್ದಿಯವನ ಪಾಲಾಗಿರುತ್ತದೆ, ಬಿಲ್ಲಿನ ಸುಳಿವಿರುವುದಿಲ್ಲ, ತಳದ ಅಕ್ಷರಗಳು ಕರಕಲು ಜಿಡ್ಡಿನ ಕೆಳಗೆ ಮುಚ್ಚಿಹೋಗಿರುತ್ತವೆ. ನಮ್ಮ ಬಳಗದಲ್ಲಿ ಅಂಥ ತವಾಗಳನ್ನು ನನ್ನ ಹತ್ತಿರ ತರುತ್ತಾರೆ. ಪಾತ್ರೆಗಳ ಮೇಲೆ ನನಗಿರುವ ಪ್ರೀತಿ ಅವರಿಗೆ ಗೊತ್ತು.

ಮೊದಲ ಕೆಲಸ ತಳ ತಿಕ್ಕುವುದು. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕುತ್ತಾ ಹೋದರೆ, ನಟ್ಟನಡುವೆ ಒಂದೊಂದೇ ಅಕ್ಷರ ಮೇಲೇಳುತ್ತದೆ. ಕಂಪನಿಯ ಹೆಸರು, ಸೆಂಟಿಮೀಟರಿನಲ್ಲಿ ಅಳತೆ, ಕೆಲವಕ್ಕೆ ದಪ್ಪ ಎಷ್ಟು ಮಿಲಿಮೀಟರ್ ಎಂಬುದು. ತಳದಲ್ಲಿ ಏನೂ ಇಲ್ಲದಿದ್ದರೆ ಹಿಡಿಯ ಒಳಬದಿ ನೋಡಬೇಕು. ಕಪ್ಪು ಬೇಕಲೈಟಿನ ಮೇಲೆ ಎರಕದ ಅಚ್ಚಿನ ಹೆಸರು ಎಷ್ಟು ತೊಳೆದರೂ ಸುಲಭಕ್ಕೆ ಸವೆಯುವುದಿಲ್ಲ.

ಹೆಸರು ಎಲ್ಲೂ ಸಿಗದಿದ್ದರೆ ಫ್ರಿಜ್ಜಿನ ಬಾಗಿಲ ಮೇಲಿನ ಆಯಸ್ಕಾಂತ ತೆಗೆದುಕೊಂಡು ತಳಕ್ಕೆ ಹಿಡಿಯಿರಿ. ಬರೀ ಅಲ್ಯೂಮಿನಿಯಂ ಆದರೆ ಅದು ಜಾರಿ ಬೀಳುತ್ತದೆ. ಕಚ್ಚಿಕೊಂಡರೆ ಇಂಡಕ್ಷನ್ ಒಲೆಗೆಂದು ತಳಕ್ಕೆ ಉಕ್ಕಿನ ತಗಡು ಕೂಡಿಸಿದ್ದಾರೆ ಎಂದರ್ಥ. 2012ರ ಸೆಪ್ಟೆಂಬರಿನಲ್ಲಿ ಸರ್ಕಾರ ಮನೆಯೊಂದಕ್ಕೆ ವರ್ಷಕ್ಕೆ 6 ಸಬ್ಸಿಡಿ ಸಿಲಿಂಡರ್ ಮಾತ್ರ ಎಂದಾಗ ಎಷ್ಟೋ ಮನೆಗಳಿಗೆ ಇಂಡಕ್ಷನ್ ಒಲೆ ಬಂತು, ಅದರ ಹಿಂದೆಯೇ ಅಂಥ ತಳದ ತವಾಗಳೂ ಬಂದವು. ಮನೆಯಲ್ಲಿ ತವಾದ ವಯಸ್ಸು ಯಾರಿಗೂ ನೆನಪಿಲ್ಲದಾಗ ನಾನು ಲೆಕ್ಕ ಹಿಡಿಯುವುದು ಇಲ್ಲಿಂದ.

ಹೆಸರು ಸಿಕ್ಕ ಮೇಲೂ, ಇವತ್ತು ಆ ಹೆಸರಿಗೆ ಉತ್ತರ ಹೇಳುವವರು ಯಾರು ಎಂದು ತಿಳಿಯಬೇಕಾಗುತ್ತದೆ. ನಮ್ಮ ಅಮ್ಮಂದಿರ ಕಾಲದಲ್ಲಿ ಮನೆಮಾತಾಗಿದ್ದ ನಿರ್ಲೇಪ್ ಔರಂಗಾಬಾದಿನ ಕಂಪನಿ, 1968ರಷ್ಟು ಹಳೆಯದು. 2018ರಲ್ಲಿ ಅದನ್ನು ಬಜಾಜ್ ಎಲೆಕ್ಟ್ರಿಕಲ್ಸ್ ಕೊಂಡಿತು. ತಳದ ಮೇಲಿನ ಹೆಸರು ಅದೇ ಇದ್ದರೂ ಪತ್ರ ಹೋಗಬೇಕಾದ ವಿಳಾಸ ಬೇರೆಯಾಗಿರಬಹುದು.

ಇನ್ನು ವಾರಂಟಿಯ ವಿಷಯ. ಅದು ಅರ್ಥವಾಗಬೇಕಾದರೆ ಈ ಕಪ್ಪು ಲೇಪನದ ಸ್ವಭಾವ ತಿಳಿದಿರಬೇಕು. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಗ್ಯಾಸ್ ತುಂಬಿಟ್ಟಿದ್ದ ಒಂದು ಸಿಲಿಂಡರ್ ತಿರುಗಿಸಿದ. ಗ್ಯಾಸ್ ಬರಲಿಲ್ಲ, ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಮುಂದೆ ಟೆಫ್ಲಾನ್ ಆಯಿತು. ಏನೂ ಅಂಟದ ಆ ವಸ್ತುವನ್ನು ಅಲ್ಯೂಮಿನಿಯಮ್ಮಿಗೆ ಅಂಟಿಸುವುದೇ ದೊಡ್ಡ ತೊಡಕಾಯಿತು. ಫ್ರಾನ್ಸಿನ ಇಂಜಿನಿಯರ್ ಮಾರ್ಕ್ ಗ್ರೆಗ್ವಾರ್, ಹೆಂಡತಿ ಕೊಲೆಟ್ ಒತ್ತಾಯಿಸಿದ ಮೇಲೆ, 1954ರಲ್ಲಿ ಅದನ್ನು ಬಾಣಲೆಗೆ ಹಿಡಿಸಿದ. 1956ರಲ್ಲಿ ಟೆಫಾಲ್ ಕಂಪನಿ ಹುಟ್ಟಿತು. ಲೋಹದ ಮೇಲ್ಮೈಯನ್ನು ಒರಟು ಮಾಡಿ, ಆ ಸಣ್ಣ ಸಣ್ಣ ಕುಳಿಗಳಲ್ಲಿ ಲೇಪನ ಕಚ್ಚಿಕೊಳ್ಳುವಂತೆ ಮಾಡಿ, ಕುಲುಮೆಯಲ್ಲಿ ಕಾಯಿಸುವುದು ಇವತ್ತಿಗೂ ನಡೆದಿರುವ ಕ್ರಮ. ಕಂಪನಿ ಭರವಸೆ ಕೊಡುವುದು ಈ ಹಿಡಿತಕ್ಕೆ. ಲೇಪನ ಸವೆಯುವುದೇ ಇಲ್ಲ ಎಂದು ಯಾವ ವಾರಂಟಿ ಕಾರ್ಡೂ ಹೇಳುವುದಿಲ್ಲ.

ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ತವಾವನ್ನು ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನಲ್ಲಿ ಸಟ್ಟುಗ ಓಡಾಡಿದ ದಾರಿಯಲ್ಲೇ ಕೂದಲೆಳೆಯಂಥ ಬೂದು ಗೆರೆಗಳು, ಒಟ್ಟಾರೆ ಹೊಳಪು ಕಳೆದ ಮಂಕು: ಇದು ಬಳಕೆಯ ಸವೆತ, ಇದಕ್ಕೆ ವಾರಂಟಿ ಬರುವುದಿಲ್ಲ. ಗೀರಿನ ಗುರುತೇ ಇಲ್ಲದ ಕಡೆ, ಅಂಚಿನಲ್ಲೋ ಹಿಡಿಯ ರಿವೆಟ್ ಸುತ್ತಲೋ, ಸಣ್ಣ ಗುಳ್ಳೆಯೆದ್ದು ಪೊರೆ ಪೊರೆಯಾಗಿ ಕಳಚುತ್ತಿದ್ದರೆ, ಅಡಿಯಲ್ಲಿ ಬೆತ್ತಲೆ ಅಲ್ಯೂಮಿನಿಯಂ ಮಿನುಗುತ್ತಿದ್ದರೆ, ಹಿಡಿತವೇ ಸರಿಯಿರಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಅತ್ತಿಗೆಯ ತವಾ ಕೊಂಡ ಕೆಲವೇ ತಿಂಗಳಲ್ಲಿ ಹೀಗೆ ಅಂಚು ಬಿಟ್ಟಿತು. ಅಂಗಡಿಯವರು ಕೈಗೆತ್ತಿಕೊಂಡೂ ನೋಡದೆ, "ಸ್ಟೀಲ್ ಸೌಟು ಹಾಕಿರ್ತೀರ ಅಮ್ಮಾ, ಇದಕ್ಕೆ ವಾರಂಟಿ ಬರಲ್ಲ" ಅಂದರು. ಅತ್ತಿಗೆ ಜಗಳಕ್ಕೆ ಹೋಗಲಿಲ್ಲ. "ನಡುವೆ ಒಂದು ಗೀರು ತೋರಿಸಿ, ತವಾ ಇಲ್ಲೇ ಬಿಟ್ಟು ಹೋಗ್ತೀನಿ" ಅಂದರು. ತಾರೀಖು ಬರೆದು ಅಂಗಡಿಯ ಸೀಲು ಹಾಕಿಸಿಕೊಂಡ ಕಾರ್ಡು ಅವರ ಕೈಯಲ್ಲಿತ್ತು. ಬೇರೆ ತವಾ ಬಂತು.

ನಮ್ಮ ಕಡೆ ಲೇಪನ ಬೇಗ ಹಾಳಾಗಲು ಕಬ್ಬಿಣದ ಕಾವಲಿಯಿಂದ ಬಂದ ರೂಢಿಯೂ ಕಾರಣ ಎಂಬುದು ನನ್ನ ಅಭಿಪ್ರಾಯ. ಕಾವಲಿ ಹೊಗೆಯಾಡುವ ತನಕ ಕಾಯಬೇಕು, ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು, ಆಮೇಲೆ ಹಿಟ್ಟು. ಕಬ್ಬಿಣಕ್ಕೆ ಅದು ಸರಿ. ನಾನ್‌ಸ್ಟಿಕ್ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ, ಇನ್ನೂ ಕಾದರೆ ವಿಷದ ಹೊಗೆ ಬಿಡುತ್ತದೆ. ಆ ಹೊಗೆಗೆ ಮನೆಯೊಳಗಿನ ಪಂಜರದ ಹಕ್ಕಿಗಳು ಸತ್ತಿರುವುದುಂಟು. ದೊಡ್ಡ ಉರಿಯ ಮೇಲೆ ಬರಿದಾದ ತವಾ ಆ ಮಟ್ಟ ಮುಟ್ಟಲು ಕೆಲವು ನಿಮಿಷ ಸಾಕು. ಅಷ್ಟು ಕಾದ ತೆಳು ಅಲ್ಯೂಮಿನಿಯಂ ಮೇಲೆ ತಣ್ಣೀರು ಬಿದ್ದರೆ ತಳ ಸೊಟ್ಟಗಾಗುತ್ತದೆ. ಅತಿಯಾಗಿ ಕಾಯಿಸಿದ ಪಾತ್ರೆಗೆ ವಾರಂಟಿ ಇಲ್ಲ ಎಂಬ ಮಾತು ಸಾಮಾನ್ಯವಾಗಿ ಕಾರ್ಡಿನ ಸಣ್ಣಕ್ಷರಗಳಲ್ಲೇ ಇರುತ್ತದೆ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಬಾಣಲೆಗಳ ಡಬ್ಬದ ಮೇಲೆ 'ಲೈಫ್‌ಟೈಮ್ ವಾರಂಟಿ' ಎಂದಿರುತ್ತದೆ. ಅದರ ಹಿಂದೆಯೇ 'ಲಿಮಿಟೆಡ್' ಎಂಬ ಪದ ಹುಡುಕಿ. ವಾರಂಟಿ ಪೂರ್ತಿಯೋ ಮಿತಿಯುಳ್ಳದ್ದೋ ಎಂದು ಸ್ಪಷ್ಟವಾಗಿ ಬರೆಯಬೇಕೆಂಬ ಕಾನೂನು ಅಲ್ಲಿ 1975ರಿಂದ ಇದೆ. ಮಿತಿಯುಳ್ಳದ್ದು ಹೆಚ್ಚಾಗಿ ಮೊದಲು ಕೊಂಡವರಿಗೆ, ಕೊಂಡ ದೇಶದಲ್ಲಿ ಮಾತ್ರ ನಡೆಯುತ್ತದೆ. ಅಂದರೆ ಕೇಳಬೇಕಾದವರು ಅಲ್ಲಿರುವ ಮಗಳೇ.

ತೀರ ಹಳೆಯದಾಗಿ ಪಟ್ಟೆ ಪಟ್ಟೆ ಕಿತ್ತುಹೋದ ತವಾಗಳಿಗೆ ಮಾತ್ರ ನಾನು ವಾರಂಟಿ ಹುಡುಕುವುದಿಲ್ಲ. ಪಿಎಫ್‌ಒಎ ಎಂಬ ರಾಸಾಯನಿಕವನ್ನು ಈ ಲೇಪನದ ತಯಾರಿಕೆಯಿಂದ ತೆಗೆಯಲು ಅಮೆರಿಕದ ಪರಿಸರ ಸಂಸ್ಥೆ 2006ರಲ್ಲಿ ದೊಡ್ಡ ಕಂಪನಿಗಳನ್ನು ಒಪ್ಪಿಸಿ, 2015ರ ಗಡುವು ಹಾಕಿತ್ತು. ಅದಕ್ಕಿಂತ ಹಳೆಯ ತವಾ ಆ ರಾಸಾಯನಿಕದ ಕಾಲದ್ದು. ಲೇಪನ ಸವೆದ ನಾನ್‌ಸ್ಟಿಕ್ ಪಾತ್ರೆ ಬಳಸಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಅಮ್ಮನ ಕಾಲದ್ದು ಎಂಬ ಮಮತೆ ಇದ್ದೇ ಇರುತ್ತದೆ. ಆದರೂ ಅದನ್ನು ಒಲೆಯಿಂದ ಇಳಿಸಿಬಿಡಿ.

ಹೊಸದು ಕೊಂಡ ದಿನವೇ ಮಾಡಬೇಕಾದದ್ದು ಇಷ್ಟು. ಅಂಗಡಿಯ ಬಿಲ್ಲು ಬಿಸಿಗೆ ಅಚ್ಚಾಗುವ ಕಾಗದ. ವರ್ಷ ತುಂಬುವುದರೊಳಗೆ ಬಿಳಿಚಿಕೊಳ್ಳಬಹುದು, ಫೋಟೋ ತೆಗೆದಿಡಿ. ತಯಾರಾದ ತಿಂಗಳು, ವರ್ಷ, ತಯಾರಕರ ವಿಳಾಸ ಡಬ್ಬದ ಮೇಲೆ ಇರಲೇಬೇಕೆಂಬುದು ನಿಯಮ, ಆ ಮಗ್ಗುಲನ್ನು ಕತ್ತರಿಸಿ ಕಾರ್ಡಿನ ಜೊತೆ ಇಡಿ. ತಳ ಇನ್ನೂ ಹೊಳೆಯುತ್ತಿರುವಾಗಲೇ ಅದರದ್ದೂ ಒಂದು ಫೋಟೋ ಇರಲಿ. ಅಂಗಡಿ, ಕಂಪನಿ ಎರಡೂ ಕೈಚೆಲ್ಲಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.