ನೀರೊಲ್ಲದ ನೆಲ

ಮನೆಯ ಗೋಡೆಗೆ ಯಾವ ಬಣ್ಣ, ಬಾಗಿಲಿಗೆ ಯಾವ ಮರ ಎಂದು ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ನೆಲದ ವಿಷಯದಲ್ಲಿ ಮಾತ್ರ, ಅದನ್ನು ದಿನವೂ ಗುಡಿಸಿ ಒರೆಸುವವರನ್ನು ಒಂದು ಮಾತು ಕೇಳುವುದು ಅಪರೂಪ. ಈ ತಪ್ಪನ್ನು ನಾವೂ ಮಾಡಿದೆವು. ಅದರಿಂದ ಕಲಿತುದು ವಾಚಕ ಸೋದರಿಯರಿಗೂ, ಅವರಿಗಿಂತ ಹೆಚ್ಚಾಗಿ ಅವರ ಮನೆಯ ಗಂಡಸರಿಗೂ ಉಪಯೋಗಕ್ಕೆ ಬಂದೀತೆಂಬ ಆಶೆಯಿಂದ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಮೈಸೂರಿನ ಒಂದು ಹಳೆಯ ಮನೆ. ಅದರ ನೆಲ ಕೆಂಪು ಬಣ್ಣ ಬೆರೆಸಿದ ಗಾರೆಯದು. ನಮ್ಮ ತಾಯಿಯವರು ಸೊಸೆಯಾಗಿ ಬಂದಂದಿನಿಂದ ಅದನ್ನು ತೊಳೆದು, ಒರೆಸಿ, ಮುಖ ಕಾಣುವಂತೆ ಇಟ್ಟಿದ್ದರು. ಕಾಲಕ್ರಮದಲ್ಲಿ ಅವರ ಕೋಣೆಯ ನೆಲ ಅಲ್ಲಲ್ಲಿ ಬಿರುಕುಬಿಟ್ಟಿತು. ಅವರಿಗೂ ಎಪ್ಪತ್ತೆಂಟು ವರ್ಷ ತುಂಬಿತು. ಚಳಿಗಾಲದ ಬೆಳಗ್ಗೆ ಮಂಚದಿಂದ ಕಾಲನ್ನು ಕೆಳಗಿಟ್ಟೊಡನೆ ಮಂಡಿಯವರೆಗೂ ಚಳುಕು ಹತ್ತುವುದೆಂದು ಹೇಳುತ್ತಿದ್ದರು. ತಾಯಿಯ ಕಾಲಿಗೆ ಹಿತವಾಗುವ ನೆಲವನ್ನು ಹಾಕಿಸಬೇಕೆಂದು ೨೦೧೮ನೆಯ ಇಸವಿ ಡಿಸೆಂಬರಿನಲ್ಲಿ ನಾವು ನಿಶ್ಚಯಿಸಿದೆವು. ಉದ್ದೇಶವು ಒಳ್ಳೆಯದೇ, ಆದರೆ ತಾಯಿಯವರನ್ನು ಕೇಳಲಿಲ್ಲ.

ಅಂಗಡಿಯಲ್ಲಿ ತೇಗದಂತೆ ಕಾಣುವ ಲ್ಯಾಮಿನೇಟ್ ಹಲಗೆಗಳನ್ನು ತೋರಿಸಿದರು. ಕಾಲಿಟ್ಟರೆ ಕಲ್ಲಿನಷ್ಟು ತಂಪಿಲ್ಲ. ಬೆಲೆ ತೇಗಕ್ಕಿಂತ ಬಹಳ ಕಡಿಮೆ. ಹಳೆಯ ನೆಲವನ್ನು ಅಗೆಯದೆ ಅದರ ಮೇಲೆಯೇ ಹಾಸಬಹುದು. “ಇದಕ್ಕೆ ಯಾವ ಆರೈಕೆಯೂ ಬೇಡ, ಸಾರ್” ಎಂದು ಮಾರುವವನು ಹೇಳಿದ. ಎರಡು ದಿನಗಳಲ್ಲಿ ಕೆಲಸವೂ ಮುಗಿಯಿತು. ಹಲಗೆ ಜೋಡಿಸಿದ ಕೆಲಸಗಾರನು ಹೊರಡುವಾಗ, “ಇದಕ್ಕೆ ನೀರು ಹಾಕಿ ತೊಳೆಯಬೇಡಿ” ಎಂದು ಎಚ್ಚರಿಕೆ ಕೊಟ್ಟು ಹೋದನು. ಅದನ್ನು ತಾಯಿಯವರಿಗೆ ತಿಳಿಸಿದಾಗ, “ನೀರು ಕಾಣದ ನೆಲದ ಮೇಲೆ ದೇವರನ್ನು ಕೂರಿಸುವುದು ಹೇಗಪ್ಪಾ?” ಎಂದು ಕೇಳಿದರು. ನಾವು ನಕ್ಕು ಸುಮ್ಮನಾದೆವು. ಅವರ ದೇವರ ಮಂಟಪವು ಆ ಕೋಣೆಯ ಮೂಲೆಯಲ್ಲಿಯೇ ಇದ್ದಿತೆಂಬುದು ಆಗ ನಮ್ಮ ಬುದ್ಧಿಗೆ ಹೊಳೆಯಲಿಲ್ಲ.

ಮರುವರ್ಷ ನವರಾತ್ರಿಗೆ ಬೊಂಬೆಯ ಪೆಟ್ಟಿಗೆಯನ್ನು ಇಳಿಸಲು ಅವರ ಕೋಣೆಗೆ ಹೋದೆವು. ಮಂಟಪದ ಮುಂದೆ ಎಂದೂ ಇಲ್ಲದ ಚಾಪೆಯೊಂದು ಹಾಸಿತ್ತು. ಪೆಟ್ಟಿಗೆಯನ್ನಿಡಲು ಅದನ್ನು ಸರಿಸಹೋದಾಗ, “ಅದು ಅಲ್ಲೇ ಇರಲಿ ಬಿಡಪ್ಪ” ಎಂದರು. ದನಿಯಲ್ಲಿ ಅಳುಕಿತ್ತು. ಚಾಪೆಯನ್ನು ಎತ್ತಿ ನೋಡಿದರೆ ನಾಲ್ಕು ಹಲಗೆಗಳ ಅಂಚು ಉಬ್ಬಿ ಮೇಲೆದ್ದಿದ್ದಿತು.

“ಗೌರಿ ಹಬ್ಬದ ದಿನ ಒಂದೇ ಒಂದು ತಂಬಿಗೆ ನೀರು ಹಾಕಿದೆ ಕಣಪ್ಪ. ಒರೆಸುವ ಹೊತ್ತಿಗೆ ಸಂದಿಯೊಳಕ್ಕೆ ಇಳಿದುಹೋಗಿತ್ತು. ಅಷ್ಟು ದುಡ್ಡು ಕೊಟ್ಟು ನೀನು ಹಾಕಿಸಿದ್ದನ್ನು ನಾನು ಕೆಡಿಸಿಬಿಟ್ಟೆ” ಎಂದರು.

ಐವತ್ತು ವರ್ಷ ಆ ಮನೆಯ ನೆಲವನ್ನು ಆಳಿದವರು, ಒಂದು ತಿಂಗಳ ಕಾಲ ಒಂದು ಚಾಪೆಯನ್ನು ಮುಚ್ಚಿಕೊಂಡು, ಮಗನು ಏನೆಂದಾನೋ ಎಂದು ತಪ್ಪುಮಾಡಿದ ಮಗುವಿನಂತೆ ಅಂಜಿಕೊಂಡಿದ್ದರು. ನಮಗಾದ ನಾಚಿಕೆ ಅಷ್ಟಿಷ್ಟಲ್ಲ. ಕೆಡಿಸಿದವರು ಅವರಲ್ಲ, ಅವರ ದಿನಚರಿಯನ್ನು ಅರಿಯದೆ ನೆಲವನ್ನು ಆರಿಸಿದ ನಾವು.

ಕೊಳ್ಳುವ ಮೊದಲೇ ತಿಳಿಯಬೇಕಾದುದನ್ನು ನಾವು ತಿಳಿದದ್ದು ಅನಂತರ. ಈ ಬಗೆಯ ನೆಲವನ್ನು ಸ್ವೀಡನ್ ದೇಶದ ಪರ್ಸ್ಟಾರ್ಪ್ ಕಂಪೆನಿಯವರು ೧೯೭೭ರಲ್ಲಿ ಕಂಡುಹಿಡಿದರು. ಇದರಲ್ಲಿ ಕಾಣುವ ಮರದ ಎಳೆ ಮರದ್ದಲ್ಲ. ಕಾಗದದ ಮೇಲೆ ಅಚ್ಚುಹಾಕಿದ ಚಿತ್ರ. ಅದರ ಮೇಲೆ ಮೆಲಮೈನ್ ರಾಳದ ಪಾರದರ್ಶಕ ಹೊದಿಕೆ. ಸವೆಯದಿರಲೆಂದು ಆ ಹೊದಿಕೆಯಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಕಣಗಳು. ಚಿತ್ರದ ಕೆಳಗಿರುವುದು ಮರದ ನಾರನ್ನು ರಾಳದೊಡನೆ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಗಟ್ಟಿ ಹಲಗೆ. ಎಲ್ಲಕ್ಕೂ ಅಡಿಯಲ್ಲಿ ಹಲಗೆ ಬಾಗದಂತೆ ಹಿಡಿಯುವ ಇನ್ನೊಂದು ಪದರ. ಮೇಲ್ಮೈ ಬಲು ಗಟ್ಟಿ. ಆದರೆ ಸಂದಿಯಲ್ಲಿ ನೀರಿಳಿದರೆ ಒಳಗಿನ ನಾರು ಅದನ್ನು ಹೀರಿ ಉಬ್ಬುವುದು. ಒಣಗಿದ ಮೇಲೂ ಅದು ಮೊದಲಿನ ಸ್ಥಿತಿಗೆ ಬಾರದು. ನಿಜವಾದ ಮರವಾದರೆ ಕೀಸಿ ಸಮಮಾಡಬಹುದು. ಇದನ್ನು ಕೀಸಿದರೆ ಚಿತ್ರವೇ ಹೋಗುವುದು. ನೀರನ್ನು ಕೆಲವು ಗಂಟೆಗಳ ಕಾಲ ತಡೆಯುವ ಹಲಗೆಗಳೂ ಈಗ ಬಂದಿವೆ. ಆದರೂ ಬಚ್ಚಲಿಗೆ, ನೀರು ಹಾಕಿ ತೊಳೆಯುವ ಜಾಗಕ್ಕೆ ಇದು ತಕ್ಕದ್ದಲ್ಲ.

ಆದಕಾರಣ ಕೊಳ್ಳುವವರು ಗಮನಿಸತಕ್ಕ ಸಂಗತಿಗಳು ಕೆಲವಿವೆ. ಹಲಗೆಯ ಗಟ್ಟಿತನವನ್ನು ಎ.ಸಿ. ಎಂಬ ಅಕ್ಷರಗಳ ಮುಂದಿನ ಅಂಕಿಯಿಂದ ತಿಳಿಯಬಹುದು. ಹೆಚ್ಚು ಓಡಾಟವಿರುವ ಮನೆಗೂ ಎ.ಸಿ. ೩ ಸಾಕು. ದಪ್ಪವು ೮ರಿಂದ ೧೨ ಮಿಲಿಮೀಟರು ಇದ್ದರೆ ಒಳ್ಳೆಯದು. ತಂದ ಪೆಟ್ಟಿಗೆಗಳನ್ನು ೪೮ ಗಂಟೆಗಳ ಕಾಲ ಅದೇ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಹೊಂದಿಸಿ, ಬಳಿಕ ಹಾಸಬೇಕು. ಕೆಳಗಿನ ನೆಲ ಒಣಗಿ ಸಮನಾಗಿರಬೇಕು. ತೇವ ಮೇಲೇರದಂತೆ ಪಾಲಿಥೀನ್ ಹಾಳೆಯನ್ನೂ ಅದರ ಮೇಲೆ ತೆಳುವಾದ ಮೆತ್ತೆಯನ್ನೂ ಹಾಸಬೇಕು. ಮಳೆಗಾಲದಲ್ಲಿ ಹಲಗೆ ಹಿಗ್ಗುವುದರಿಂದ ಗೋಡೆಯ ಬಳಿ ೮ರಿಂದ ೧೦ ಮಿಲಿಮೀಟರು ತೆರವು ಬಿಡದಿದ್ದರೆ ನಡುವೆ ಎದ್ದುಬರುವುದು. ಗೆದ್ದಲಿರುವ ಮನೆಯಾದರೆ ಮೊದಲು ಅದರ ನಿವಾರಣೆಯಾಗಲಿ. ಒಂದು ಪೆಟ್ಟಿಗೆ ಹಲಗೆಯನ್ನು ಹೆಚ್ಚಾಗಿ ತಂದಿಡುವುದು ಜಾಣತನ. ಅದೇ ಚಿತ್ರದ ಹಲಗೆ ಮುಂದೆ ಸಿಕ್ಕುವುದೆಂಬ ಭರವಸೆಯಿಲ್ಲ.

ಆರೈಕೆ ಬೇಡವೆಂಬುದು ಸುಳ್ಳು. ಹೆಚ್ಚು ಬೇಡವೆಂಬುದು ನಿಜ. ದಿನವೂ ಮೆತ್ತನೆಯ ಪೊರಕೆಯಿಂದ ಗುಡಿಸಬೇಕು. ಗೀರು ಬೀಳಿಸುವುದು ಬೀದಿಯ ಮರಳು. ಬಾಗಿಲಲ್ಲಿ ಕಾಲೊರಸು ಇರಲಿ. ಒದ್ದೆ ಬಟ್ಟೆಯನ್ನು ಹನಿ ತೊಟ್ಟಿಕ್ಕದಂತೆ ಹಿಂಡಿ ಒರೆಸಬೇಕು. ಚೆಲ್ಲಿದ ಕಾಫಿಯನ್ನು ಒಡನೆಯೇ ಒರೆಸಿಬಿಡಬೇಕು. ಮೇಣದ ಪಾಲಿಷ್, ಕಬ್ಬಿಣದ ನಾರು, ಉಗಿಯ ಯಂತ್ರ, ಈ ಮೂರೂ ಕೂಡದು. ಕುರ್ಚಿ ಮಂಚಗಳ ಕಾಲಿಗೆ ಉಣ್ಣೆಯ ಬಿಲ್ಲೆಯನ್ನು ಅಂಟಿಸಬೇಕು; ಬೀರು, ಈಳಿಗೆಮಣೆಗಳನ್ನು ಎಳೆಯದೆ ಎತ್ತಿಡಬೇಕು.

ನಮ್ಮ ತಾಯಿಯವರ ಕೋಣೆಯ ವಿಷಯವು ಏನಾಯಿತೆಂದು ವಾಚಕರು ಕೇಳಬಹುದು. ಈ ಸಲ ಅವರನ್ನೇ ಮುಂದೆ ಕೂರಿಸಿಕೊಂಡು ಕೇಳಿದೆವು. “ಮಂಚದ ಹತ್ತಿರ ಇದೇ ಇರಲಿ, ಕಾಲಿಗೆ ಬೆಚ್ಚಗಿದೆ. ದೇವರ ಮುಂದೆ ಮಾತ್ರ ನೀರಿಗೆ ಅಂಜದ ನೆಲ ಬೇಕು” ಎಂದರು. ಎಷ್ಟು ಸುಲಭವಾದ ತೀರ್ಮಾನ! ಹಲಗೆಗಳು ಅಂಟಿಲ್ಲದೆ ಒಂದಕ್ಕೊಂದು ಸಿಕ್ಕಿಸಿದವಾದುದರಿಂದ ಗೋಡೆಯ ಕಡೆಯಿಂದ ಅವನ್ನು ಬಿಡಿಸಿ, ಮಂಟಪದ ಮುಂದೆ ಕಡಪದ ಕಲ್ಲನ್ನು ಹಾಕಿಸಿದೆವು. ಎರಡರ ನಡುವೆ ಒಂದು ಲೋಹದ ಪಟ್ಟಿಯನ್ನು ಕೂರಿಸಿ, ಹಲಗೆಯ ಅಂಚನ್ನು ನೀರಿಳಿಯದಂತೆ ಮುಚ್ಚಿಸಿದೆವು. ಕೆಲಸ ಮುಗಿದ ಮರುದಿನ ಬೆಳಗ್ಗೆ ತಾಯಿಯವರು ಆ ಕಲ್ಲನ್ನು ಮನಸಾರೆ ತೊಳೆದು ರಂಗೋಲಿ ಬಿಟ್ಟರು.

ಈಗ ಅವರಿಗೆ ಬಗ್ಗಿ ತೊಳೆಯುವ ಶಕ್ತಿಯಿಲ್ಲ. ಆ ಕೆಲಸವನ್ನು ನಮ್ಮ ಮನೆಯಾಕೆ ಮಾಡುತ್ತಾಳೆ. ತಾಯಿಯವರು ಮಂಚದ ಮೇಲೆ ಕುಳಿತು, ಕಾಲನ್ನು ಹಲಗೆಯ ಮೇಲೆ ಊರಿಕೊಂಡು, “ಪಟ್ಟಿ ದಾಟಿಸಬೇಡಮ್ಮ, ಆ ಕಡೆ ನನ್ನ ಮಗನ ನೆಲ ಇದೆ” ಎಂದು ಎಚ್ಚರಿಸುತ್ತಾರೆ. ಚಾಪೆಯನ್ನು ಬೊಂಬೆಯ ಪೆಟ್ಟಿಗೆಯ ಮೇಲೆ ಸುತ್ತಿಟ್ಟಿದ್ದೇವೆ.