ಬದಿಯಡ್ಕದ ದಾರಿಯ ಶಾಲೆಯಂಗಳ

ಕುಂಬಳೆಯಿಂದ ಸೀತಾಂಗೋಳಿ, ನೀರ್ಚಾಲುಗಳನ್ನು ದಾಟಿ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಮುರಕಲ್ಲಿನ ಪಾರೆ, ತಗ್ಗಿನಲ್ಲಿ ಅಡಿಕೆಯ ತೋಟ, ನಡುನಡುವೆ ಕನ್ನಡದ ಪುಟ್ಟ ಶಾಲೆಗಳು. ಶಾಲೆ ಚಿಕ್ಕದಾದರೂ ಮುಂದೊಂದು ಕೆಂಪು ಅಂಗಳ ಬಹುಮಟ್ಟಿಗೆ ಇದ್ದೇ ಇರುತ್ತದೆ.

2009ರ ಶಿಕ್ಷಣ ಹಕ್ಕು ಕಾಯಿದೆಯೂ ಶಾಲೆಗೊಂದು ಆಟದ ಬಯಲು ಬೇಕೆನ್ನುತ್ತದೆ. ನಿಯಮದಂತೆ ಬಯಲು ಒದಗಿಸದ ಶಾಲೆಗಳನ್ನು ಮುಚ್ಚಿಸಿಯಾದರೂ ಸರಿ, ಕ್ರಮ ಕೈಗೊಳ್ಳಬೇಕೆಂದು ಕೇರಳದ ಉಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ಆಡಿಸುವವರು ಯಾರು? ಅದೇ ಕಾಯಿದೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರನ್ನು ವಿಧಿಸಿರುವುದು 6ರಿಂದ 8ರವರೆಗಿನ ತರಗತಿಗಳಿಗೆ, ಅದೂ ಮಕ್ಕಳ ಸಂಖ್ಯೆ 100 ಮೀರಿದಲ್ಲಿ. 1ರಿಂದ 5ರವರೆಗಿನವರಿಗೆ ಆ ಮಾತೇ ಇಲ್ಲ. ಎಲುಬು ಬಲಿಯುವ, ಮೈ ಹೇಳಿದಂತೆ ಕೇಳುವ ವಯಸ್ಸು ಅದೇ ಅಲ್ಲವೆ? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಾರಿತ್ತು.

ನಾವು ಇಳಿದ ಶಾಲೆಯಲ್ಲಿ ಮಳೆಯ ಹೊಳವು ಕಂಡು ಮಕ್ಕಳು ಲಗೋರಿಗೆ ಕಲ್ಲು ಪೇರಿಸಿದ್ದರು. ಪಾಚಿಗಟ್ಟಿದ ನೆಲದಲ್ಲಿ ಬರಿಗಾಲಿನ ಓಟ. ಜಾರಿದವನೇ ಮೊದಲು ನಕ್ಕ. ಕನ್ನಡ, ಗಣಿತವೆಲ್ಲವನ್ನೂ ಕಲಿಸುವ ಅಧ್ಯಾಪಿಕೆಯೇ ಸೀಟಿಯನ್ನೂ ಊದುತ್ತಿದ್ದರು. ಮನೆಯಲ್ಲಿ ಮಕ್ಕಳದು ತುಳು, ಮಲೆಯಾಳ, ಮರಾಟಿ. "ಓಡು" ಎಂಬುದು ಮಲೆಯಾಳಕ್ಕೂ ಕನ್ನಡಕ್ಕೂ ಒಂದೇ ಎಂದು ಆಕೆ ನಕ್ಕರು; ಉಸಿರು ಬಿಡುವುದು, ಬೆನ್ನು ಬಾಗಿಸುವುದು ಹಾಗಲ್ಲವಂತೆ. ನೆರೆಯ ನಾಲ್ಕೈದು ಶಾಲೆಗಳಿಗೆ ಸೇರಿ ಕನ್ನಡ ಬಲ್ಲ ಒಬ್ಬ ಶಿಕ್ಷಕರು ವಾರಕ್ಕೊಂದು ದಿನ ಬಂದರೂ ಸಾಕೆಂಬುದು ಆಕೆಯ ಬೇಡಿಕೆ.